ಡ್ಯಾಶ್‌ಬೋರ್ಡ್ ಬಿಚ್ಚುವ ಮುನ್ನ

ಪೆಟ್ರೋಲ್ ಇಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಕಾರನ್ನು ಓಡಿಸಲು ಒದಗುವುದು ಸಾಮಾನ್ಯವಾಗಿ ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ಉಳಿದದ್ದರಲ್ಲಿ ಬಹುಭಾಗ ಸೈಲೆನ್ಸರಿನ ಹೊಗೆಯೊಡನೆ ಹೊರಗೆ ಹೋಗುತ್ತದೆ, ಇಲ್ಲವೇ ಇಂಜಿನ್ನಿನ ಒಳಗಾಲುವೆಗಳಲ್ಲಿ ಹರಿಯುವ ಕೂಲೆಂಟಿಗೆ, ಅಂದರೆ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆತ ದ್ರವಕ್ಕೆ, ಸೇರಿಕೊಳ್ಳುತ್ತದೆ. ಹೇಗೂ ಪೋಲಾಗುವ ಈ ಶಾಖದ ಒಂದಂಶವನ್ನು ಕಾರಿನೊಳಗೆ ಕುಳಿತವರ ಕಡೆಗೆ ತಿರುಗಿಸುವ ಏರ್ಪಾಡೇ ಹೀಟರ್. ಬಿಸಿಯಾದ ಕೂಲೆಂಟ್ ಎರಡು ರಬ್ಬರ್ ಹೋಸುಗಳ ಮೂಲಕ, ಇಂಜಿನ್ನಿಗೂ ಪ್ರಯಾಣಿಕರ ಕ್ಯಾಬಿನ್ನಿಗೂ ನಡುವೆ ಇರುವ ತಗಡಿನ ಗೋಡೆಯನ್ನು ದಾಟಿ, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನೊಳಗೆ ಹರಿದು ಮರಳುತ್ತದೆ. ಆ ಪುಟ್ಟ ರೇಡಿಯೇಟರನ್ನು ಹೀಟರ್ ಕೋರ್ ಎನ್ನುತ್ತಾರೆ. ಬ್ಲೋವರ್ ಎಂಬ ಫ್ಯಾನ್ ಅದರ ರೆಕ್ಕೆಗಳ ನಡುವೆ ಗಾಳಿಯನ್ನು ತಳ್ಳುತ್ತದೆ, ಬೆಚ್ಚಗಾದ ಗಾಳಿ ಪ್ರಯಾಣಿಕರ ಕಾಲಿನ ಬಳಿಗೋ ಮುಂದಿನ ಗಾಜಿನ ಬುಡಕ್ಕೋ ಬರುತ್ತದೆ.

ಬಿಸಿನೀರನ್ನು ಹರಿಸಿ ಗಾಳಿಯನ್ನು ಕಾಯಿಸುವ ಈ ವಿಧಾನಕ್ಕೆ ಈಗಿನ ರೂಪ ಬಂದದ್ದು ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಹೊರಗಿನ ಗಾಳಿಯನ್ನು ಸೋಸಿ, ಬಿಸಿಮಾಡಿ, ಒಳಗೆ ಊದುವ ವ್ಯವಸ್ಥೆಯನ್ನು ತನ್ನ ಕಾರುಗಳಲ್ಲಿ ತಂದ ಮೇಲೆ. ಮಿನೆಸೋಟ, ಮಿಷಿಗನ್, ಒಂಟಾರಿಯೋದಂಥ ಕಡೆ, ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಚೆನ್ನಾಗಿ ಗೊತ್ತಿರುವಂತೆ, ಹೀಟರ್ ಸುಖದ ವಸ್ತುವಾಗಿ ಉಳಿದಿಲ್ಲ. ಗಾಜಿನ ಮೇಲಿನ ಮಂಜು ಕರಗದೆ ರಸ್ತೆ ಕಾಣುವುದಿಲ್ಲವಾದ್ದರಿಂದ, ಗಾಜನ್ನು ತಿಳಿಯಾಗಿಸುವ ವ್ಯವಸ್ಥೆ ಇರಲೇಬೇಕೆಂದು ಅಮೆರಿಕದ ವಾಹನ ಸುರಕ್ಷತಾ ನಿಯಮಗಳೇ ವಿಧಿಸುತ್ತವೆ. ಕರ್ನಾಟಕದಲ್ಲಿ ಇದರ ನೆನಪಾಗುವುದು ಮಲೆನಾಡಿನ ಮಳೆಗಾಲದಲ್ಲಿ ಗಾಜು ಮಬ್ಬಾದಾಗ, ಇಲ್ಲವೇ ಘಾಟಿ ಏರುವಾಗ ಇಂಜಿನ್ ಕಾದು, ಅನುಭವಿ ಚಾಲಕರು ಸೆಕೆಯಲ್ಲೂ ಹೀಟರನ್ನು ಪೂರ್ತಿ ತಿರುಗಿಸಿ ಒಂದಿಷ್ಟು ಶಾಖವನ್ನು ಇಂಜಿನ್ನಿನಿಂದ ಹೊರಗೆಳೆದುಕೊಳ್ಳುವಾಗ.

ಹೀಟರಿನ ದುರಸ್ತಿಗೆ ಕೈಹಾಕಿದ ಹವ್ಯಾಸಿಗೆ ಎದುರಾಗುವ ವಿಚಿತ್ರವೆಂದರೆ, ಕೆಟ್ಟ ಭಾಗ ಸಾಮಾನ್ಯವಾಗಿ ಸರಳವಾದದ್ದು, ಅಗ್ಗವಾದದ್ದು. ಕಷ್ಟವಿರುವುದೆಲ್ಲ ಅದರ ಬಳಿ ತಲುಪುವುದರಲ್ಲಿ. ಇದಕ್ಕೆ ಹೆಸರುವಾಸಿಯಾದ ಉದಾಹರಣೆ ಸ್ವೀಡನ್ನಿನ ವೋಲ್ವೊ 240. 1974ರಿಂದ 1993ರವರೆಗೆ ತಯಾರಾದ, ಉತ್ತರ ಅಮೆರಿಕದಲ್ಲಿ ಇಂದಿಗೂ ಅಭಿಮಾನಿಗಳು ಓಡಿಸುತ್ತಿರುವ ಈ ಗಟ್ಟಿ ಕಾರಿನ ಹೀಟರ್ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ನಟ್ಟನಡುವೆ ಹುದುಗಿದ್ದು, ಬ್ಲೋವರಿನ ಮೋಟಾರು ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಕೂತಿದೆ. ಕಾರ್ಖಾನೆಯಲ್ಲಿ ಮೊದಲು ಹೀಟರನ್ನು ನಿಲ್ಲಿಸಿ ಆಮೇಲೆ ಅದರ ಸುತ್ತ ಕಾರು ಕಟ್ಟಿದರೆಂಬ ಹಾಸ್ಯ ಈ ಕಾರಿನ ಮಾಲೀಕರಲ್ಲಿ ಹಳೆಯದು. ಬೇರಿಂಗ್ ಒಣಗಿದ ಮೋಟಾರು ಚಳಿಯ ಮುಂಜಾನೆ ಕಿರುಗುಟ್ಟತೊಡಗಿದರೆ, ಒಂದು ಸಣ್ಣ ಮೋಟಾರಿಗಾಗಿ ನಡುವಿನ ಕನ್ಸೋಲ್, ರೇಡಿಯೋ, ಗ್ಲೋವ್‌ಬಾಕ್ಸ್, ಗಾಳಿಯ ಕೊಳವೆಗಳು ಎಲ್ಲವೂ ಹೊರಬರಬೇಕು. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸವೇ ಸರಿ. ಗ್ಯಾರೇಜಿನ ಬಿಲ್ಲಿನಲ್ಲಿ ಸಾಮಾನಿನ ಬೆಲೆಗಿಂತ ಕೂಲಿಯೇ ಬಹಳ ಹೆಚ್ಚಾಗುವುದು ಈ ಕಾರಣದಿಂದ, ಹಳೆಯ ಕಾರಿನ ಒಡೆಯ ತಾನೇ ಪಾನಾ ಹಿಡಿಯಲು ಮನಸ್ಸು ಮಾಡುವುದೂ ಇದೇ ಕಾರಣದಿಂದ.

ಹಾಗಿರುವುದರಿಂದ ಅತ್ಯಂತ ಬೆಲೆಬಾಳುವ ಕೆಲಸ ನಡೆಯುವುದು ಸ್ಕ್ರೂಡ್ರೈವರ್ ಹೊರತೆಗೆಯುವ ಮೊದಲು. ಬಿಸಿ ಬರುತ್ತಿಲ್ಲವೆಂಬ ಒಂದೇ ದೂರಿನ ಹಿಂದೆ ಹಲವು ಕಾರಣಗಳಿರುತ್ತವೆ, ಅವುಗಳಲ್ಲಿ ಅರ್ಧಕ್ಕರ್ಧ ಡ್ಯಾಶ್‌ಬೋರ್ಡನ್ನು ಮುಟ್ಟದೆ ಸರಿಹೋಗುವಂಥವು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆರೆದು ಕೂಲೆಂಟಿನ ಮಟ್ಟ ನೋಡುವುದು ಮೊದಲ ಹೆಜ್ಜೆ. ಬಿಸಿ ಇಂಜಿನ್ನಿನಲ್ಲಿ ದ್ರವ ಒತ್ತಡದಲ್ಲಿರುವುದರಿಂದ ಮುಚ್ಚಳ ಸಡಿಲಿಸಿದೊಡನೆ ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಇಳಿದಿದ್ದರೆ ವ್ಯವಸ್ಥೆಯೊಳಗೆ ಗಾಳಿ ಸೇರಿ ಹೀಟರ್ ಕೋರಿಗೆ ದ್ರವವೇ ತಲುಪದೆ ಹೋಗಬಹುದು, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿಸುವುದು ಇದರ ಗುರುತು. ತಾಪಮಾನ ತೋರಿಸುವ ಮುಳ್ಳು ಎಷ್ಟು ದೂರ ಓಡಿಸಿದರೂ ಮೇಲೇಳದಿದ್ದರೆ ಅನುಮಾನ ಥರ್ಮೋಸ್ಟ್ಯಾಟಿನ ಮೇಲೆ ಹೋಗಬೇಕು. ಕೂಲೆಂಟ್ ಒಂದು ಹದಕ್ಕೆ ಕಾಯುವ ತನಕ ದೊಡ್ಡ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಈ ಕವಾಟ ವೋಲ್ವೊ 240ರಲ್ಲಿ 87 ಅಥವಾ 92 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯುವಂತೆ ಬರುತ್ತದೆ. ಅದು ತೆರೆದೇ ಸಿಕ್ಕಿಕೊಂಡರೆ ಇಂಜಿನ್ ಕಾಯುವುದೇ ಇಲ್ಲ, ಇನ್ನು ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು?

ಇವೆರಡೂ ಸರಿಯಿದ್ದರೆ ಮುಂದಿನ ಪರೀಕ್ಷೆಗೆ ಬೇಕಾಗಿರುವುದು ಕೈ ಮಾತ್ರ. ಇಂಜಿನ್ ಕಾದ ಮೇಲೆ, ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ದೂರವಿದ್ದು, ತಗಡಿನ ಗೋಡೆಯೊಳಕ್ಕೆ ಹೋಗುವ ಎರಡೂ ಹೋಸುಗಳನ್ನು ಎಚ್ಚರದಿಂದ ಮುಟ್ಟಿ ನೋಡಿದರೆ ಸಾಕು. ಎರಡೂ ಒಂದೇ ಸಮ ಬಿಸಿಯಾಗಿದ್ದರೆ ದ್ರವ ಸರಾಗವಾಗಿ ಹರಿಯುತ್ತಿದೆಯೆಂದೂ ದೋಷ ಗಾಳಿಯ ದಾರಿಯಲ್ಲಿದೆಯೆಂದೂ ತಿಳಿಯಬೇಕು. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಹೀಟರಿನ ವಾಲ್ವ್ ತೆರೆಯುತ್ತಿಲ್ಲ. ಇಲ್ಲಿ ಕಾರುಗಳ ನಡುವೆ ಒಂದು ವ್ಯತ್ಯಾಸವುಂಟು: ಬಹುತೇಕ ಹೊಸ ಕಾರುಗಳಲ್ಲಿ ಕೋರಿನೊಳಗೆ ಬಿಸಿದ್ರವ ಸದಾ ಹರಿಯುತ್ತಿದ್ದು, ಬಿಸಿಗಾಳಿ ಮತ್ತು ತಂಗಾಳಿಯನ್ನು ಬೆರೆಸುವ ಪ್ಲಾಸ್ಟಿಕ್ ಕದವೊಂದು ಹದವನ್ನು ನಿರ್ಧರಿಸುತ್ತದೆ, ವೋಲ್ವೊ 240ರಲ್ಲಾದರೋ ದ್ರವದ ಹರಿವನ್ನೇ ವಾಲ್ವಿನಿಂದ ಹೆಚ್ಚುಕಡಿಮೆ ಮಾಡುತ್ತಾರೆ, ಆ ವಾಲ್ವಿಗೆ ಸೇರಿದ ಕೂದಲೆಳೆಯಂಥ ತಾಮ್ರದ ನಳಿಗೆ ಗಾಳಿಯ ಬಿಸುಪನ್ನು ಗ್ರಹಿಸಿ ತಾನಾಗಿಯೇ ಹರಿವನ್ನು ಸರಿಪಡಿಸುತ್ತದೆ. ಅಪ್ಪಟ ಯಾಂತ್ರಿಕ ಬುದ್ಧಿವಂತಿಕೆಯ ಈ ಸಾಧನ ಮೆಚ್ಚುವಂಥದ್ದು, ಆದರೆ ನಳಿಗೆ ಮಡಿಸಿಹೋದರೆ ವಾಲ್ವ್ ಕೆಲಸಕ್ಕೆ ಬಾರದು. ಹೊಸ ಕಾರುಗಳಲ್ಲಿ ಗಾಳಿಯ ಕದವನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದರೆ ಕಟಕಟ ಸದ್ದು ಬರುತ್ತದೆ. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ಮೋಟಾರು ಸರಿಯಿದ್ದು, ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರುತ್ತದೆ.

ಗಾಜಿನ ಒಳಮೈಗೆ ಜಿಡ್ಡುಜಿಡ್ಡಾದ ಮಬ್ಬು ಹತ್ತಿ, ಕ್ಯಾಬಿನ್ನಿನಲ್ಲಿ ಸಿಹಿಯೆನಿಸುವ ವಾಸನೆ ಹರಡಿ, ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ: ಒಳಗೆಲ್ಲೋ ಕೂಲೆಂಟ್ ಸೋರುತ್ತಿದೆ, ಕೋರೋ ವಾಲ್ವೋ ಬದಲಾಗಲೇಬೇಕು. ಸೋರಿಕೆಯನ್ನು ತಡೆಯುವುದಾಗಿ ಹೇಳುವ ಪುಡಿ, ದ್ರಾವಣಗಳನ್ನು ರೇಡಿಯೇಟರಿಗೆ ಸುರಿಯುವುದು ಎಲ್ಲರಿಗೂ ಹೊಳೆಯುವ ಅಡ್ಡದಾರಿಯಾದರೂ, ಅವು ಹೋಗಿ ಕೂರುವುದು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಿರಿದಾದ ನಳಿಗೆಗಳಲ್ಲಿ, ಅಂದರೆ ಹೀಟರ್ ಕೋರಿನಲ್ಲೇ. ತೂತಿನ ಜೊತೆಗೆ ದಾರಿಯೂ ಮುಚ್ಚಿಹೋಗುವ ಸಂಭವವಿದೆ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಿದ್ದರಿಂದಲೋ ಗಡಸು ನೀರು ಹಾಕಿದ್ದರಿಂದಲೋ ಕೋರ್ ಬರಿದೆ ಕಟ್ಟಿಕೊಂಡಿದ್ದರೆ, ಎರಡೂ ಹೋಸುಗಳನ್ನು ಬಿಚ್ಚಿ, ದ್ರವ ಹೊರಬರುವ ಕಡೆಯಿಂದ ಹಿಮ್ಮುಖವಾಗಿ, ಕಡಿಮೆ ಒತ್ತಡದಲ್ಲಿ ನೀರು ಹಾಯಿಸಿದರೆ ಕೆಸರು ಹೊರಬರುವುದುಂಟು. ನಲ್ಲಿಯನ್ನು ಪೂರ್ತಿ ತಿರುಗಿಸುವ ಆತುರ ಇಲ್ಲಿ ಸಲ್ಲದು. ಹಳೆಯ ಕೋರಿನ ಬೆಸುಗೆ ಅದನ್ನು ತಾಳಲಾರದು.

ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕೆಂದು ಖಚಿತವಾದ ಮೇಲೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಏರ್‌ಬ್ಯಾಗ್ ಇರುವ ಕಾರಾದರೆ, ಅದನ್ನು ಸಿಡಿಸುವ ವಿದ್ಯುತ್ತು ಬ್ಯಾಟರಿ ಕಳಚಿದ ಬಳಿಕವೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುವುದರಿಂದ, ಆ ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯುವುದು ಕಡ್ಡಾಯ. ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಏರ್‌ಬ್ಯಾಗ್ ಕನೆಕ್ಟರುಗಳನ್ನು ಮೀಟರಿನಿಂದ ಪರೀಕ್ಷಿಸುವ ಸಾಹಸಕ್ಕೂ ಹೋಗಬಾರದು. ಅಲ್ಲಿಂದಾಚೆಗೆ ಪ್ರತಿ ಹಂತದಲ್ಲೂ ಫೋಟೋ ತೆಗೆದುಕೊಳ್ಳುವುದು, ತೆಗೆದ ಸ್ಕ್ರೂಗಳನ್ನು ಜಾಗದ ಹೆಸರು ಬರೆದ ಬೇರೆ ಬೇರೆ ಪೊಟ್ಟಣಗಳಲ್ಲಿ ಹಾಕಿಡುವುದು ಬೇಸರದ ಕೆಲಸವೆನಿಸಿದರೂ, ಉದ್ದದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸವಿರುವ ಎರಡು ಸ್ಕ್ರೂಗಳಲ್ಲಿ ಉದ್ದದ್ದು ತಪ್ಪು ಜಾಗಕ್ಕೆ ಹೋಗಿ ಹಿಂದಿನ ತಂತಿಯನ್ನು ಚುಚ್ಚಿದರೆ ಆಗುವ ಫಜೀತಿಯ ಮುಂದೆ ಅದು ಏನೂ ಅಲ್ಲ. ಪ್ಯಾನೆಲ್ ಕದಲದಿದ್ದರೆ ಇನ್ನೊಂದು ಸ್ಕ್ರೂ ಎಲ್ಲೋ ಮುಚ್ಚಳದಡಿ ಅಡಗಿದೆಯೆಂದೇ ಭಾವಿಸಬೇಕು. ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಹಪ್ಪಳವಾಗಿರುವುದರಿಂದ, ಬೆಚ್ಚನೆಯ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಮುರಿಯುವ ಕ್ಲಿಪ್ಪುಗಳೂ ಕಡಿಮೆ.

ವೋಲ್ವೊ 240ರ ಬ್ಲೋವರ್ ಬದಲಿಸುವವರು ಎದುರಿಸುವ ಘಟ್ಟವೊಂದನ್ನು ಹತ್ತಿರದಿಂದ ನೋಡಬಹುದು. ಮೋಟಾರಿನ ದಂಡಕ್ಕೆ ಎರಡೂ ತುದಿಗಳಲ್ಲಿ ಒಂದೊಂದು ಗಾಳಿಚಕ್ರವಿದ್ದು, ಅವೆರಡನ್ನೂ ಪೆಟ್ಟಿಗೆಯ ಎಡಬಲದ ಹೊರಕವಚಗಳು ಮುಚ್ಚಿರುತ್ತವೆ, ಕವಚಗಳನ್ನು ಉಕ್ಕಿನ ಕ್ಲಿಪ್ಪುಗಳು ಬಿಗಿದಿರುತ್ತವೆ. ಪೆಟ್ಟಿಗೆಯನ್ನೇ ಹೊರತೆಗೆಯದೆ ಇದ್ದಲ್ಲೇ ಕೆಲಸ ಮಾಡುವವರು ಕಾರಿನ ನೆಲದ ಮೇಲೆ ಅಂಗಾತ ಮಲಗಿ, ಕಣ್ಣಿಗೆ ಕಾಣದ ಹಿಂಬದಿಯ ಕ್ಲಿಪ್ಪನ್ನು ಬೆರಳಿನ ತುದಿಯಿಂದ ತಡವಿ, ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕಾಗುತ್ತದೆ. ಬಿಚ್ಚುವುದಕ್ಕಿಂತ ಮತ್ತೆ ಕೂರಿಸುವುದೇ ಕಠಿಣ: ಹೊಸ ಮೋಟಾರಿನ ಚಕ್ರಗಳು ದಂಡದ ಮೇಲೆ ಹಳೆಯವು ಇದ್ದ ಅಂತರದಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಕವಚಕ್ಕೆ ಉಜ್ಜಿ ಹಿಂದಿನ ಕಿರುಗುಟ್ಟುವಿಕೆಗಿಂತ ದೊಡ್ಡ ಸದ್ದು ಕೇಳಬೇಕಾಗುತ್ತದೆ. ಆದ್ದರಿಂದ ಕವಚ ಮುಚ್ಚುವ ಮುನ್ನವೇ ಚಕ್ರವನ್ನು ಕೈಯಿಂದ ತಿರುಗಿಸಿ, ಬ್ಯಾಟರಿಯ ತಂತಿ ತಾತ್ಕಾಲಿಕವಾಗಿ ಜೋಡಿಸಿ, ಮೋಟಾರನ್ನು ಓಡಿಸಿ ನೋಡುವುದು ಜಾಣತನ.

ಕೋರನ್ನು ಬದಲಿಸುವಾಗ ಅಪಾಯವಿರುವುದು ಹೋಸುಗಳಲ್ಲಿ. ವರ್ಷಗಟ್ಟಲೆ ಕಾದು ನಳಿಗೆಗೆ ಅಂಟಿಕೊಂಡ ರಬ್ಬರನ್ನು ಹಿಡಿದೆಳೆದರೆ ಕೋರಿನ ಮೆದು ಲೋಹದ ನಳಿಗೆಯೇ ಬಾಗುತ್ತದೆ. ಹೋಸನ್ನು ಉದ್ದಕ್ಕೆ ಸೀಳಿ ಸುಲಿದು, ಹೊಸ ಹೋಸು, ಹೊಸ ಕ್ಲ್ಯಾಂಪ್ ಹಾಕುವುದು ಸ್ವಲ್ಪ ದುಡ್ಡಿನ ಮಾತಾದರೂ ನೆಮ್ಮದಿಯ ಮಾತು. ಹವ್ಯಾಸಿ ನಿಲ್ಲಬೇಕಾದ ಗೆರೆಯೂ ಇಲ್ಲೇ ಎದುರಾಗುತ್ತದೆ. ಹಲವು ಕಾರುಗಳಲ್ಲಿ ಎ.ಸಿ.ಯ ಇವ್ಯಾಪರೇಟರ್, ನಮ್ಮ ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎನ್ನುವ ಭಾಗ, ಹೀಟರ್ ಕೋರಿನ ಪೆಟ್ಟಿಗೆಯಲ್ಲೇ ಇರುತ್ತದೆ. ಪೆಟ್ಟಿಗೆ ಹೊರಬರಬೇಕಾದರೆ ಎ.ಸಿ. ಪೈಪುಗಳನ್ನು ಕಳಚಬೇಕು, ಕಳಚಿದರೆ ಒತ್ತಡದಲ್ಲಿರುವ ಗ್ಯಾಸ್ ಹೊರನುಗ್ಗಿ ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸುತ್ತದೆ. ಆ ಗ್ಯಾಸನ್ನು ಗಾಳಿಗೆ ಬಿಡುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಗ್ಯಾಸನ್ನು ಯಂತ್ರದಿಂದ ಹೊರಗೆಳೆಸಿ, ಕೆಲಸ ಮುಗಿದ ಮೇಲೆ ಮತ್ತೆ ತುಂಬಿಸುವಷ್ಟಕ್ಕಾದರೂ ವೃತ್ತಿಪರರ ಬಳಿ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಡ್ಯಾಶ್‌ಬೋರ್ಡನ್ನು ಮತ್ತೆ ಮುಚ್ಚುವ ಮೊದಲು ಕೂಲೆಂಟ್ ತುಂಬಿ ಇಂಜಿನ್ ಕಾಯಿಸಿ, ಹೊಸ ಜೋಡಣೆಗಳ ಕೆಳಗೆ ಒಣ ಕಾಗದ ಹಾಸಿ ಹನಿ ಬೀಳುವುದೇ ಎಂದು ನೋಡಿಕೊಳ್ಳುವವರು ಎರಡನೆಯ ಬಾರಿ ಬಿಚ್ಚುವ ಶ್ರಮದಿಂದ ಪಾರಾಗುತ್ತಾರೆ. ತುಂಬಬೇಕಾದದ್ದು ಕಾರಿನ ಕೈಪಿಡಿ ಹೆಸರಿಸಿದ ಜಾತಿಯ ಕೂಲೆಂಟ್. ಬಣ್ಣ ನೋಡಿ ಕೊಳ್ಳುವಂತಿಲ್ಲ, ಏಕೆಂದರೆ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಗ್ಲೈಕಾಲ್ ಮತ್ತು ಶುದ್ಧ ನೀರು ಸಮಪಾಲಿನಲ್ಲಿ ಬೆರೆತ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಕಾರಿನ ಮೂತಿಯನ್ನು ತುಸು ಎತ್ತರದಲ್ಲಿ ನಿಲ್ಲಿಸಿ, ನಿಧಾನವಾಗಿ ತುಂಬಿದರೆ ಒಳಗಿನ ಗಾಳಿ ಮೇಲಕ್ಕೆ ಬಂದು ಹೊರಬೀಳುತ್ತದೆ. ಇಂಜಿನ್ ಒಮ್ಮೆ ಕಾದು ಆರಿದ ಮೇಲೆ ಮಟ್ಟ ಇಳಿದಿರುವುದು ಸಹಜ, ಅಷ್ಟನ್ನು ಮತ್ತೆ ತುಂಬಬೇಕು. ಒದ್ದೆಯಾಗಿದ್ದ ಕಾರ್ಪೆಟ್ಟಿನ ಅಡಿಯ ಸ್ಪಂಜನ್ನು ಎತ್ತಿ ತೊಳೆದು ಒಣಗಿಸದಿದ್ದರೆ ಗಾಜಿನ ಜಿಡ್ಡುಮಬ್ಬು ಮುಂದುವರಿದು, ದುರಸ್ತಿಯೇ ವಿಫಲವಾಯಿತೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ.

ಇನ್ನು ಉಳಿಯುವುದು ಹೊರಗೆ ಬಸಿದಿಟ್ಟ ಹಳೆಯ ಕೂಲೆಂಟ್. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಚಿಕ್ಕ ಮಕ್ಕಳು ಅದನ್ನು ನೆಕ್ಕುವ ಭಯವುಂಟು, ಹೊಟ್ಟೆಗೆ ಹೋದ ಸ್ವಲ್ಪವೇ ದ್ರವ ಮೂತ್ರಪಿಂಡಗಳನ್ನು ಕೆಡಿಸಿ ಜೀವ ತೆಗೆಯಬಲ್ಲದು. ಅಮೆರಿಕದ ತಯಾರಕರು ಇದಕ್ಕೆ ಕಹಿ ಬೆರೆಸಲು 2012ರ ಕೊನೆಯಲ್ಲಿ ತಾವಾಗಿಯೇ ಒಪ್ಪಿಕೊಂಡರಾದರೂ, ಹಳೆಯ ಕಾರಿನಿಂದ ಬಸಿದ ದ್ರವದಲ್ಲಿ ಆ ಕಹಿ ಇರುತ್ತದೆಂದು ನಂಬಿ ಕೂರುವಂತಿಲ್ಲ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಮರದ ಪುಡಿಯಿಂದ ಹೀರಿಸಿ, ಉಳಿದದ್ದನ್ನು ಚರಂಡಿಗೆ ಸುರಿಯದೆ, ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಮೇಲೆ ವಿಷವೆಂದು ಬರೆದು, ಹಳೆಯ ಆಯಿಲ್ ಮತ್ತು ಕೂಲೆಂಟ್ ಸ್ವೀಕರಿಸುವ ಕೇಂದ್ರಕ್ಕೋ ಗ್ಯಾರೇಜಿಗೋ ಒಪ್ಪಿಸಬೇಕು.