ಅಂಕಿಗಳಿಂದ ಮೂಡುವ ರೆಕ್ಕೆ

ವಿಮಾನದ ಗುಣದೋಷಗಳು ಅದರ ಮೊದಲ ರೂಪುರೇಷೆಯಲ್ಲಿಯೇ ಬಹುಮಟ್ಟಿಗೆ ನಿಶ್ಚಿತವಾಗುತ್ತವೆ. ಅಲ್ಲಿಯ ತಪ್ಪನ್ನು ಮುಂದೆ ತಿದ್ದುವುದು ಬಲು ದುಬಾರಿ. ಅಮೆರಿಕದ ನಾಸಾ ಸಂಸ್ಥೆ 2012ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ‘ಓಪನ್ ವಿಎಸ್‌ಪಿ’ ಎಂಬ ತಂತ್ರಾಂಶವು ಈ ಹಂತಕ್ಕೆಂದೇ ರಚಿತವಾದುದು. ಇದರಲ್ಲಿ ನಾವು ಗೆರೆಗಳನ್ನೆಳೆಯಬೇಕಾಗಿಲ್ಲ. ರೆಕ್ಕೆಯ ಉದ್ದ, ಅಗಲ, ಬಾಗುಗಳನ್ನು ಅಂಕಿಗಳಲ್ಲಿ ಹೇಳಿದರೆ ಸಾಕು. ಅಂಕಿ ಬದಲಾದೊಡನೆ ಆಕಾರವೂ ಬದಲಾಗುತ್ತದೆ.

ಇದರಿಂದೇನು ಲಾಭ? ವೇಗವೂ ಎತ್ತುಬಲವೂ ಮೊದಲಿನಷ್ಟೇ ಇರಲಾಗಿ, ರೆಕ್ಕೆಯನ್ನು ತುದಿಯಿಂದ ತುದಿಗೆ 10 ಮೀಟರಿನಿಂದ 11ಕ್ಕೆ ನೀಳಗೊಳಿಸೋಣ. ಎತ್ತುಬಲಕ್ಕೆ ಬೆಲೆಯಾಗಿ ತೆರಬೇಕಾದ ವಾಯುತಡೆಯು ಈ ಅಳತೆಯ ವರ್ಗಕ್ಕೆ ವಿಲೋಮವಾಗಿರುವುದರಿಂದ, ಅದು ಸುಮಾರು ಶೇಕಡ 17ರಷ್ಟು ಇಳಿಯುತ್ತದೆ. ಆದರೆ ನೀಳವಾದ ರೆಕ್ಕೆಯ ಬುಡವನ್ನು ಬಲಪಡಿಸಬೇಕು; ತೂಕ ಏರುತ್ತದೆ. ಹಾಗಾದರೆ ಎಲ್ಲಿ ನಿಲ್ಲಬೇಕು? ಹಲವು ರೂಪಗಳನ್ನು ಬೇಗನೆ ಹೋಲಿಸಲು ತಂತ್ರಾಂಶವು ನೆರವಾಗುತ್ತದೆ; ಆಯ್ಕೆಯ ಹೊಣೆ ಮಾತ್ರ ಮನುಷ್ಯನದೇ.