ಕ್ಯಾಮೆರಾ ಹೊಸದು, ಮುಖ ಯಾಕ್ರೀ ಮಸುಕು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಯಾವ ಊರಿಗೆ ಹೋದರೂ ಮದುವಿ ಫೋಟೋದವರದು ಒಂದೇ ಪೈಪೋಟಿ. ಸಾಲ ಮಾಡಿಯಾದರೂ ಹೊಸ ಕ್ಯಾಮೆರಾ ತರಬೇಕು! 24 ಮೆಗಾಪಿಕ್ಸೆಲ್ ಹಳೇದಾಯ್ತು, 45 ಬಂತು. ಸೋನಿ ಕಂಪನಿಯಂತೂ 2019ರಲ್ಲೇ 61ಕ್ಕೆ ಮುಟ್ಟಿಸಿತು. ಆದರೆ ಆಲ್ಬಮ್‌ಗೆ ಫೋಟೋ ಆರಿಸಲು ಕುಂತ ಬೀಗರು ಕಂಪ್ಯೂಟರ್ ಮುಂದೆ ಒಂದನ್ನು ಹಿಗ್ಗಿಸಿ ನೋಡಿ ಕೇಳುತ್ತಾರೆ: "ಏನ್ರೀ ಇದು, ಹುಡುಗಿ ಮುಖಾನೇ ಮಸುಕಾಗ್ಯಾದಲ್ಲ?"

ಅಕ್ಕಿಕಾಳು ಎರಡನೇ ಸಲ ಬೀಳೋದಿಲ್ಲ. ಬೀಗರು ಹಣ ಮುರಿದುಕೊಂಡರೆ ಹೊಡೆತ ಕಂತು ಕಟ್ಟುವ ಫೋಟೋಗ್ರಾಫರನಿಗೇ.

ಚುಕ್ಕೆಗಳ ಲೆಕ್ಕ

ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ. 12 ಮೆಗಾಪಿಕ್ಸೆಲ್‌ನಿಂದ 48ಕ್ಕೆ ಹೋದರೆ ಚುಕ್ಕೆ ನಾಲ್ಕು ಪಟ್ಟು. ಉದ್ದಕ್ಕೂ ಅಗಲಕ್ಕೂ ಎರಡೆರಡು ಪಟ್ಟು. ಕೈ ಅಲುಗಿದ್ದು ಅಷ್ಟೇ ಇದ್ದರೂ, ಹಳೇದರಲ್ಲಿ ಎರಡು ಚುಕ್ಕೆ ಹರಡಿದ್ದು ಹೊಸದರಲ್ಲಿ ನಾಲ್ಕು ಚುಕ್ಕೆ ಹರಡುತ್ತದೆ. ಅಂದರೆ ಹೊಸ ಕ್ಯಾಮೆರಾ ತಪ್ಪು ಮಾಡಿಲ್ಲ, ಹಳೇ ತಪ್ಪನ್ನು ಬಯಲಿಗೆ ಎಳೆದಿದೆ!

4x6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯಂತೆ, ಸುಮಾರು 22 ಲಕ್ಷ ಚುಕ್ಕೆ ಸಾಕು. ಅದರಲ್ಲಿ ಸಣ್ಣ ಅಲುಗಾಟ ಕಾಣೋದೇ ಇಲ್ಲ. ಈಗಿನ 12x36 ಇಂಚಿನ ಆಲ್ಬಮಿನಲ್ಲಿ ಇಡೀ ಹಾಳೆಗೆ ಒಂದೇ ಫೋಟೋ ಹಾಕಿದರೆ ಸುಮಾರು 3.9 ಕೋಟಿ ಚುಕ್ಕೆ ಬೇಕು. ಹುಳುಕು ಹೊರಬೀಳುವುದು ಅಲ್ಲೇ.

ಮಾಡೋದೇನು?

50 ಎಂಎಂ ಲೆನ್ಸಿಗೆ ಸೆಕೆಂಡಿನ 1/50 ಶಟರ್ ಸಾಕು ಎಂಬುದು ರೀಲು ಕಾಲದ ಲೆಕ್ಕ. ಈಗ 1/100, ಸಾಧ್ಯವಾದರೆ 1/200 ಇಡಬೇಕು. ಅಕ್ಕಿಕಾಳು ಹಾಕುವ ಕೈ ನಿಲ್ಲಬೇಕಾದರೆ 1/250ಕ್ಕಿಂತ ಕಡಿಮೆ ಬೇಡ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿರಿ. ಕಾಳುಕಾಳಾದ ಫೋಟೋವನ್ನು ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತಿದ್ದಬಹುದು, ಅಲುಗಿದ್ದನ್ನು ತಿದ್ದುವುದು ಕಷ್ಟ.

ಲೆನ್ಸನ್ನು 1.8ಕ್ಕೆ ಪೂರ್ತಿ ತೆರೆದು ಹತ್ತಿರದಿಂದ ಹೊಡೆದರೆ ಮದುಮಗನ ಕಣ್ಣು ಚೂಪು, ಹಿಂದೆ ಕುಂತ ಮದುಮಗಳು ಮಂಜು. ಜೋಡಿಗೆ 4 ಅಥವಾ 5.6, ಎರಡು ಸಾಲಿನ ಗುಂಪಿಗೆ 8 ಇಡಬಹುದು. ಹಾಗಂತ 16, 22ಕ್ಕೆ ಹೋದರೆ ಸಣ್ಣ ಕಿಂಡಿಯಲ್ಲಿ ಬೆಳಕೇ ಚೆದುರಿ ಚಿತ್ರ ಮೆತ್ತಗಾಗುತ್ತದೆ. ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ಇಷ್ಟೆಲ್ಲ ಮಾಡಿ ಗೀರು ಬಿದ್ದ ಹಳೇ ಲೆನ್ಸ್ ಸಿಕ್ಕಿಸಿದರೆ ಹೊಸ ಎತ್ತಿಗೆ ಮುರುಕು ಬಂಡಿ ಕಟ್ಟಿದಂಗ!

ನಮ್ಮ ಧೂಳು, ನಮ್ಮ ಬಿಸಿಲು

ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲು. ಎರಡೂ ಹೆಸರುವಾಸಿ, ಎರಡರದೂ ಧೂಳು. ಬಯಲಲ್ಲಿ ನಿಂತು ಲೆನ್ಸ್ ಬದಲಿಸಬೇಡ್ರಿ. ಕಲ್ಲುಪುಡಿ ಕುಂತ ಗಾಜನ್ನು ಅಂಗಿ ಚುಂಗಿನಿಂದ ಉಜ್ಜಿದರೆ ಗೀರು ಖಂಡಿತ. ಮೊದಲು ರಬ್ಬರ್ ಬುಗ್ಗೆಯಿಂದ ಗಾಳಿ ಹೊಡೆಯಬೇಕು, ಆಮೇಲೆ ಮೆತ್ತನೆ ಬಟ್ಟೆ. ಬಾಯಿಂದ ಊದಿದರೆ ಉಗುಳೂ ಅಂಟುತ್ತದೆ.

ಬೇಸಿಗೆ ಮಧ್ಯಾಹ್ನ ಮಳಖೇಡದ ಕೋಟೆಯನ್ನು ದೂರದಿಂದ ತೆಗೆದರೆ ಗೋಡೆಯೇ ನಡುಗಿದಂತೆ ಕಾಣಬಹುದು. ಕೈಯ ತಪ್ಪಲ್ಲ, ನೆಲದಿಂದ ಏಳುವ ಬಿಸಿಗಾಳಿಯ ಆಟ. ಟ್ರೈಪಾಡ್ ಇಟ್ಟರೂ ಹೋಗದು. ಬೆಳಗ್ಗೆ ಎದ್ದು ಹೋಗುವುದೇ ಮದ್ದು. ಚಿಂಚೋಳಿ ಕಾಡಿನ ಮರದ ನೆರಳಿನಲ್ಲಿ ಬೆಳಕು ಕಮ್ಮಿ. ಅಲ್ಲಿ ಟ್ರೈಪಾಡ್ ಬೇಕು, ಬಟನ್ ಒತ್ತದೆ 2 ಸೆಕೆಂಡಿನ ಟೈಮರ್ ಹಾಕಬೇಕು.

ಮೊಬೈಲಿನವರಿಗೂ ಒಂದು ಮಾತು

ಅಂಗಡಿ ಸೀರೆಯ ಫೋಟೋ ವಾಟ್ಸಾಪಿಗೆ ಹಾಕುವ ಸಾಹುಕಾರರೇ, ನಿಮ್ಮ 50 ಮೆಗಾಪಿಕ್ಸೆಲ್ ಫೋನು ಸಾಮಾನ್ಯವಾಗಿ ನಾಲ್ಕು ಚುಕ್ಕೆ ಕೂಡಿಸಿ ಒಂದು ಮಾಡಿ, 12ರಷ್ಟೇ ಫೋಟೋ ಕೊಡುತ್ತದೆ. ವಾಟ್ಸಾಪು ಅದನ್ನೂ ಕುಗ್ಗಿಸುತ್ತದೆ. ಲೆನ್ಸ್ ಮೇಲಿನ ಬೆರಳೆಣ್ಣೆ ಒರೆಸಿ, ಸೀರೆಯನ್ನು ಬಾಗಿಲ ಬೆಳಕಿಗೆ ತಂದು, ಮೊಳಕೈ ಗಲ್ಲೆಗೆ ಆನಿಸಿ ಹೊಡೀರಿ. ಖರ್ಚಿಲ್ಲ.

ಇನ್ನೂ ದೊಡ್ಡ ಕ್ಯಾಮೆರಾಕ್ಕೆ ಸಾಲ ಕೇಳಲು ಹೊರಟವರು ಒಂದು ದಿನ ತಡೆಯಿರಿ. ಇರುವುದನ್ನೇ ಟ್ರೈಪಾಡಿಗೆ ಹಾಕಿ ಒಂದು ಫೋಟೋ, ಕೈಯಲ್ಲಿ ಹಿಡಿದು ಒಂದು ಫೋಟೋ ತೆಗೆದು, ಎರಡನ್ನೂ ಹಿಗ್ಗಿಸಿ ನೋಡ್ರಿ. ಟ್ರೈಪಾಡಿನದು ಚೊಕ್ಕ ಬಂದರೆ ನಿಮಗೆ ಬೇಕಾದ್ದು ಸಾಲವಲ್ಲ, ಸ್ಟ್ಯಾಂಡು!