ಕೋಲಾರದ ಚಿನ್ನವೂ ಲಂಡನ್ನಿನ ಬಂಡವಾಳವೂ: ಒಂದು ಗಣಿಹಕ್ಕಿನ ಪೂರ್ವಚರಿತ್ರೆ

ಬೆಂಗಳೂರಿನ ದಂಡುಪ್ರದೇಶದಲ್ಲಿ ಲ್ಯಾವೆಲ್ ರಸ್ತೆಯೆಂಬ ಬೀದಿಯೊಂದಿದೆ. ನಿತ್ಯವೂ ಅಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳನ್ನು ಈ ಲ್ಯಾವೆಲ್ ಯಾರೆಂದು ಕೇಳಿದರೆ, ಯಾವನೋ ಆಂಗ್ಲ ಅಧಿಕಾರಿಯಿರಬೇಕೆಂಬ ಉತ್ತರ ಬರುತ್ತದೆ. ಆತನು ಅಧಿಕಾರಿಯೂ ಅಲ್ಲ, ಆಂಗ್ಲನೂ ಅಲ್ಲ. ಮೈಕೇಲ್ ಫಿಟ್ಸ್‌ಜೆರಾಲ್ಡ್ ಲ್ಯಾವೆಲ್ ಐರ್ಲೆಂಡಿನವನು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು, ನಿವೃತ್ತನಾದ ಮೇಲೆ ಬೆಂಗಳೂರಿನ ದಂಡಿನಲ್ಲಿ ನೆಲೆಸಿದವನು. 1873ರಲ್ಲಿ ಆತನು ಮೈಸೂರು ಸರಕಾರಕ್ಕೆ ಒಂದು ಅರ್ಜಿಯನ್ನು ಸಲ್ಲಿಸಿ, ಕೋಲಾರ ಜಿಲ್ಲೆಯಲ್ಲಿ ಗಣಿ ತೋಡುವ ಹಕ್ಕು ತನಗೊಬ್ಬನಿಗೇ ದೊರೆಯಬೇಕೆಂದು ಕೋರಿದನು. ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಕೋಲಾರದ ಚಿನ್ನದ ಉದ್ಯಮವು ಈ ಅರ್ಜಿಯಿಂದ ಹುಟ್ಟಿತು. ಅದು ಹೇಗೆ ಒಬ್ಬ ವ್ಯಕ್ತಿಯ ಕೈಯಿಂದ ಕೂಟಕ್ಕೆ, ಕೂಟದಿಂದ ಲಂಡನ್ನಿನ ಕೂಡುಬಂಡವಾಳ ಸಂಸ್ಥೆಗಳಿಗೆ ಸಾಗಿತು, ಆ ದಾರಿಯಲ್ಲಿ ಸಂಸ್ಥಾನದ ಪಾಲು ಯಾವ ರೂಪವನ್ನು ತಳೆಯಿತು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಲ್ಯಾವೆಲನು ಚಿನ್ನವನ್ನು ಕಂಡುಹಿಡಿದನೆಂಬ ಮಾತು ವಾಡಿಕೆಯಲ್ಲಿದೆ, ಅದು ಸರಿಯಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯಲು ನಿಯುಕ್ತನಾಗಿದ್ದ 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಮೊದಲಾದ ಹಳ್ಳಿಗಳ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ವರದಿ ಮಾಡಿದ್ದನು. ಗಂಡಸರು ಇಕ್ಕಟ್ಟಾದ ಬಾವಿಗಳಲ್ಲಿಳಿದು ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಲ್ಯಾವೆಲನಿಗೆ ದಾರಿ ತೋರಿದ್ದು ಈ ಹಳೆಯ ವರದಿಯೇ. ಅದನ್ನೋದಿ, ದಂಡಿನಿಂದ ಸುಮಾರು ಅರುವತ್ತು ಮೈಲಿಗಳಾಚೆಯ ಆ ನೆಲವನ್ನು ನೋಡಲು ಆತನು ಎತ್ತಿನ ಗಾಡಿ ಹೂಡಿಸಿಕೊಂಡು ಹೊರಟನು. ಹಲಸೂರನ್ನೂ ಕೃಷ್ಣರಾಜಪುರವನ್ನೂ ಹಾದು ಕೋಲಾರದ ಕಡೆಗೆ ಹೋಗುವ ಹಳೆಯ ಮದ್ರಾಸು ರಸ್ತೆಯು ಇಂದು ಪಟ್ಟಣದ ಅತ್ಯಂತ ಗಜಿಬಿಜಿಯ ಬೀದಿಗಳಲ್ಲೊಂದು.

ಚಿನ್ನವಿದೆಯೆಂಬ ಅರಿವು ಹಳ್ಳಿಯವರಿಗಿತ್ತು. ಆ ಅರಿವಿನ ವರದಿಯು ಎಪ್ಪತ್ತು ವರ್ಷಗಳಿಂದ ಅಚ್ಚಿನಲ್ಲಿತ್ತು. ಲ್ಯಾವೆಲನು ಹೊಸದಾಗಿ ತಂದದ್ದು ಒಂದೇ ಒಂದು ಮಾತು: ‘ಏಕಮಾತ್ರ ಹಕ್ಕು’. ಇನ್ನು ಮುಂದೆ ಆ ನೆಲದಡಿಯ ಖನಿಜಕ್ಕೆ ಕೈಹಾಕುವವನು ಯಾರೇ ಆಗಲಿ, ಅದು ಆ ಹಕ್ಕುದಾರನ ಅನುಮತಿಯಿಂದಲೇ ಆಗಬೇಕು. ತಲೆತಲಾಂತರದಿಂದ ಮಣ್ಣು ತೊಳೆಯುತ್ತ ಬಂದವರಿಗೆ ಯಾವ ಕಾಗದವೂ ಇರಲಿಲ್ಲವಾದುದರಿಂದ, ಕಾಗದವೊಂದು ಹುಟ್ಟಿದೊಡನೆ ಅವರ ಬಳಕೆಯು ಕಾನೂನಿನ ಕಣ್ಣಿಗೆ ಬೀಳದೆ ಹೋಯಿತು. ಗಣಿಗಳ ಚರಿತ್ರೆಯನ್ನು ಬರೆದವರು ಈ ಅಂಶವನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದು ನಮಗೆ ಸಮಾಧಾನ ತಂದಿಲ್ಲ.

ಹಕ್ಕನ್ನು ಕೊಟ್ಟ ಸರಕಾರವಾದರೂ ಯಾವುದು? 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ರಾಜ್ಯವು ಮಹಾರಾಜರದು, ಆಡಳಿತವು ಅನ್ಯರದು. 1875ರಲ್ಲಿ ಲ್ಯಾವೆಲನಿಗೆ ಹಕ್ಕು ಮಂಜೂರಾದಾಗ ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ಆರು ವರ್ಷಗಳ ಬಳಿಕ ರಾಜ್ಯವು ಹಿಂದಿರುಗಿ ಬಂದಾಗ, ಕಮಿಷನರುಗಳ ಕಾಲದ ಕರಾರುಗಳೂ ಅದರೊಡನೆ ಬಂದುವು. ಅದೇ ಸಮಯದಲ್ಲಿ ಬೆಂಗಳೂರಿನ ದಂಡುಪ್ರದೇಶವನ್ನು ಬ್ರಿಟಿಷರ ವಶಕ್ಕೆ ಪ್ರತ್ಯೇಕವಾಗಿ ಬಿಟ್ಟುಕೊಡಬೇಕಾಯಿತು. 1947ರವರೆಗೂ ಅದು ಹಾಗೆಯೇ ಇದ್ದಿತು. ಚಿನ್ನದ ನೆಲ ಮೈಸೂರಿನದು. ಆ ನೆಲಕ್ಕೆ ಹಕ್ಕು ಕೇಳಿದವನ ಮನೆಯಿದ್ದ ದಂಡು ಮಾತ್ರ ಬೇರೊಂದು ಆಡಳಿತಕ್ಕೆ ಸೇರಿಹೋಯಿತು.

ಲ್ಯಾವೆಲನು 1875ರಲ್ಲಿ ಉರಿಗಾಮಿನ ಬಳಿ ಒಂದು ಬಾವಿಯನ್ನು ತೋಡಿಸಲಾರಂಭಿಸಿದನು. ಆದರೆ ಗಟ್ಟಿಬಂಡೆಯೊಳಗೆ ಇಳಿಯಲು ಬೇಕಾದ ಯಂತ್ರಗಳನ್ನು ಕೊಳ್ಳುವ ಶಕ್ತಿ ಒಬ್ಬ ನಿವೃತ್ತ ಸೈನಿಕನಿಗೆ ಎಲ್ಲಿಂದ ಬರಬೇಕು? ಮರುವರ್ಷವೇ ಸರಕಾರದ ಒಪ್ಪಿಗೆ ಪಡೆದು, ತನ್ನ ಹಕ್ಕುಗಳನ್ನೆಲ್ಲ ಮದ್ರಾಸು ಸೈನ್ಯದ ಮೇಜರ್ ಜನರಲ್ ಬೆರೆಸ್ಫರ್ಡನಿಗೆ ವರ್ಗಾಯಿಸಿದನು. ಬೆರೆಸ್ಫರ್ಡನೂ ಆತನ ಮಿತ್ರರೂ ಕೂಡಿ ‘ಕೋಲಾರ್ ಕನ್ಸೆಷನೇರ್ಸ್’ ಎಂಬ ಕೂಟವನ್ನು ಕಟ್ಟಿದರು. ಗಣಿಹಕ್ಕನ್ನು ಹೊಂದಿದವರೆಂದೇ ಆ ಹೆಸರಿನ ಅರ್ಥ.

ಇಲ್ಲಿ ಓದುಗರು ಸ್ವಲ್ಪ ನಿಂತು ನೋಡಬೇಕು. ಇದುವರೆಗೆ ವ್ಯಾಪಾರಯೋಗ್ಯವಾದಷ್ಟು ಚಿನ್ನವು ಯಾರ ಕೈಗೂ ಬಂದಿರಲಿಲ್ಲ. ಆದರೂ ಒಂದು ಸರಕು ಕೈಬದಲಾಯಿಸಿತ್ತು. ಆ ಸರಕು ಲೋಹವಲ್ಲ, ಹಕ್ಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ವಿದೇಶೀ ಬಂಡವಾಳದ ಕಾರ್ಯವಿಧಾನವು ಈ ಒಂದು ಸಂಗತಿಯನ್ನು ಹಿಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ 1862ರ ಕಂಪೆನಿ ಶಾಸನವು ಜಾರಿಗೆ ಬಂದಮೇಲೆ, ಏಳು ಜನರು ಸಹಿ ಮಾಡಿ ಪರಿಮಿತ ಹೊಣೆಯ ಸಂಸ್ಥೆಯೊಂದನ್ನು ನೋಂದಾಯಿಸಬಹುದಾಗಿತ್ತು. ಷೇರು ಕೊಂಡವನು ಆ ಷೇರಿನ ಮೊತ್ತಕ್ಕೆ ಮಾತ್ರ ಹೊಣೆ. ಸಂಸ್ಥೆಯು ಮುಳುಗಿದರೂ ಅವನ ಮನೆಮಠ ಉಳಿಯುತ್ತಿತ್ತು. ಇದರಿಂದಾಗಿ ಭೂಪಟದಲ್ಲಿ ಮೈಸೂರನ್ನು ಗುರುತಿಸಲಾರದ ಪಾದ್ರಿಯೂ ವಿಧವೆಯೂ ತಮ್ಮ ಉಳಿತಾಯವನ್ನು ಮೈಸೂರಿನ ಬಂಡೆಗೆ ಹಾಕುವಂತಾಯಿತು. ಹಕ್ಕುದಾರನು ತನ್ನ ಹಕ್ಕನ್ನು ಇಂಥ ಸಂಸ್ಥೆಗೆ ಮಾರುವನು. ಬೆಲೆಯ ಒಂದು ಭಾಗವನ್ನು ನಗದಾಗಿಯೂ ಮತ್ತೊಂದು ಭಾಗವನ್ನು ಹಣ ತೆರದೆ ಬಂದ ಪೂರ್ಣಸಂದಾಯದ ಷೇರುಗಳಾಗಿಯೂ ಪಡೆಯುವನು. ಸಾರ್ವಜನಿಕರಿಂದ ಬಂದ ಹಣದಲ್ಲಿ ಹಕ್ಕಿನ ಬೆಲೆಗೆ ಹೋಗಿ ಮಿಕ್ಕದ್ದು ಗಣಿಗೆ.

ಈ ವಿಧಾನವು ಎಷ್ಟರಮಟ್ಟಿಗೆ ಕೆಡಬಹುದೆಂಬುದಕ್ಕೆ ನೆರೆಯ ವೈನಾಡೇ ಸಾಕ್ಷಿ. 1879ರಿಂದ 1881ರೊಳಗೆ ದಕ್ಷಿಣ ಭಾರತದ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ನಲವತ್ತರಷ್ಟು ಸಂಸ್ಥೆಗಳು ಎದ್ದುವು. ಅವುಗಳಲ್ಲಿ ಬಹುಪಾಲು ವೈನಾಡಿನವು. ರೋಗ ಬಿದ್ದು ಬರಡಾಗುತ್ತಿದ್ದ ಕಾಫಿ ತೋಟಗಳು ಚಿನ್ನದ ನೆಲವೆಂಬ ಹೆಸರಿನಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟವಾದುವು. ಕೆಲವೇ ವರ್ಷಗಳಲ್ಲಿ ಅವೆಲ್ಲವೂ ಮಣ್ಣುಪಾಲಾದುವು.

ಕೋಲಾರವೂ ಅದೇ ಹಾದಿ ಹಿಡಿಯುವುದರಲ್ಲಿತ್ತು. 1880ರಲ್ಲಿ ನೋಂದಾವಣೆಯಾದ ಮೈಸೂರು ಚಿನ್ನದ ಗಣಿ ಸಂಸ್ಥೆಯೇ ಮೊದಲಾಗಿ ಹಲವು ಸಂಸ್ಥೆಗಳು ಕೂಟದಿಂದ ನೆಲವನ್ನು ಪಡೆದು ತೋಡಿದುವು. ಬಂಡವಾಳ ಕರಗಿತು, ಚಿನ್ನ ಕಾಣಲಿಲ್ಲ. 1884-85ರ ಹೊತ್ತಿಗೆ ಒಂದು ಪೌಂಡಿನ ಷೇರು ಕೆಲವೇ ಪೆನ್ನಿಗಳಿಗೆ ಇಳಿದು, ಮೈಸೂರು ಗಣಿಯನ್ನು ಮುಚ್ಚಿಬಿಡಬೇಕೆಂಬ ಮಾತೂ ಷೇರುದಾರರಲ್ಲಿ ಎದ್ದಿತು. ಮಿಕ್ಕಿರುವ ಹಣವನ್ನೂ ನೆಲಕ್ಕೆ ಹಾಕೋಣವೆಂದು ಹಟ ಹಿಡಿದವರು ಸಂಸ್ಥೆಯ ವ್ಯವಸ್ಥಾಪಕರಾಗಿದ್ದ ಜಾನ್ ಟೇಲರ್ ಅಂಡ್ ಸನ್ಸ್. ಕಾರ್ನ್‌ವಾಲಿನ ತಾಮ್ರ-ತವರದ ಗಣಿಗಳಲ್ಲಿ ಪಳಗಿದ ಮನೆತನವದು. ಅದರ ಮೂಲಪುರುಷನು ಮೆಕ್ಸಿಕೋದ ಬೆಳ್ಳಿ ಗಣಿಗಳಿಗೂ ಕೈಹಾಕಿದ್ದನು. ಅವರು ಕಳುಹಿಸಿದ ಕ್ಯಾಪ್ಟನ್ ಪ್ಲಮ್ಮರನು ಹಳೆಯ ಕಾಲದ ತೋಡುಗಳ ಕೆಳಗೆ ಇನ್ನೂ ಆಳಕ್ಕೆ ಇಳಿದಾಗ, ಮುಂದೆ ‘ಚಾಂಪಿಯನ್’ ಎಂದು ಹೆಸರಾದ ಚಿನ್ನದ ಪದರವು ಸಿಕ್ಕಿತು. ನಮ್ಮ ಪೂರ್ವಿಕರು ನೀರು ಮತ್ತು ಗಾಳಿಯ ತೊಡಕಿನಿಂದ ಎಲ್ಲಿ ಕೆಲಸ ನಿಲ್ಲಿಸಿದ್ದರೋ ಅಲ್ಲಿಂದಲೇ ಟೇಲರರ ಅದೃಷ್ಟವು ಆರಂಭವಾಯಿತೆನ್ನಬಹುದು. ಅನಂತರ ಉರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್ ಸಂಸ್ಥೆಗಳೂ ಚೇತರಿಸಿಕೊಂಡುವು. ಇವೆಲ್ಲದರ ವ್ಯವಸ್ಥೆಯೂ ಟೇಲರರ ಕೈಯಲ್ಲೇ ಇದ್ದಿತು. ಷೇರುದಾರರ ಹೆಸರು ಬದಲಾಗಬಹುದು, ಷೇರು ಏರಬಹುದು ಇಳಿಯಬಹುದು. ವ್ಯವಸ್ಥಾಪಕರ ಸಂಭಾವನೆ ಮಾತ್ರ ನಿಲ್ಲದು.

ಇನ್ನು ಸಂಸ್ಥಾನದ ಪಾಲಿನ ವಿಚಾರ. ಮೊದಲಿನ ಕರಾರಿನಲ್ಲಿ ಸರಕಾರದ ರಾಯಧನವನ್ನು ನಿವ್ವಳ ಲಾಭದ ಮೇಲೆ ಲೆಕ್ಕಹಾಕಬೇಕೆಂದಿತ್ತು. ಬಳಿಕ ಅದು ತಿದ್ದುಪಡಿಯಾಗಿ, ತೆಗೆದ ಚಿನ್ನದ ಒಟ್ಟು ಬೆಲೆಯ ಮೇಲೆ ನೂರಕ್ಕೆ ಐದರಂತೆ ನಿಗದಿಯಾಯಿತು. ತರಗತಿಯಲ್ಲಿ ಈ ವ್ಯತ್ಯಾಸವನ್ನು ವಿವರಿಸುವಾಗ ನಾವು ಒಂದು ಕಲ್ಪಿತ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇವೆ. ಗಣಿಯೊಂದು 100 ರೂಪಾಯಿಯ ಚಿನ್ನವನ್ನು ತೆಗೆಯಲು 60 ರೂಪಾಯಿ ವೆಚ್ಚಮಾಡಿತೆನ್ನೋಣ, ಲಾಭ 40. ಒಟ್ಟು ಬೆಲೆಯ ಮೇಲೆ ನೂರಕ್ಕೆ ಐದಾದರೆ ಸರಕಾರಕ್ಕೆ 5 ರೂಪಾಯಿ. ಲಾಭದ ಮೇಲೆ ನೂರಕ್ಕೆ ಹತ್ತಾದರೆ 4 ರೂಪಾಯಿ. ವೆಚ್ಚವು 100ನ್ನು ಮೀರಿದರೆ ಲಾಭದ ಮೇಲಿನ ಪಾಲು ಸೊನ್ನೆ. ಒಟ್ಟಿನ ಮೇಲಿನದು ಆಗಲೂ 5. ವೆಚ್ಚವು 30ಕ್ಕೆ ಇಳಿದರೆ ಲಾಭದ ಮೇಲಿನ ಪಾಲು 7ಕ್ಕೆ ಏರುತ್ತದೆ. ಒಟ್ಟಿನ ಮೇಲಿನದು ಅಲುಗುವುದಿಲ್ಲ, ಅದೇ 5.

ಲಾಭವೆಂಬುದು ಲಂಡನ್ನಿನ ಕಚೇರಿಯಲ್ಲಿ ಹುಟ್ಟುವ ಅಂಕಿ. ನಿರ್ದೇಶಕರ ಸಂಭಾವನೆ, ವ್ಯವಸ್ಥಾಪಕರ ಸಂಭಾವನೆ, ಯಂತ್ರಗಳ ಸವೆತ ಎಲ್ಲವನ್ನೂ ಕಳೆದು ಉಳಿಯುವ ಆ ಅಂಕಿಯನ್ನು ಬೆಂಗಳೂರಿನಲ್ಲಿ ಕುಳಿತ ಗುಮಾಸ್ತನು ಪರೀಕ್ಷಿಸುವುದು ಸುಲಭವಲ್ಲ. ಚಿನ್ನದ ಗಟ್ಟಿಯನ್ನಾದರೋ ಗಣಿಯ ಬಾಗಿಲಲ್ಲೇ ತೂಗಬಹುದು. 1877-78ರ ಭೀಕರ ಕ್ಷಾಮದಿಂದ ಎಂಬತ್ತು ಲಕ್ಷ ರೂಪಾಯಿಗಳ ಸಾಲ ಹೊತ್ತಿದ್ದ, ಬ್ರಿಟಿಷ್ ಸರಕಾರಕ್ಕೆ ವರ್ಷ ವರ್ಷವೂ ಪೊಗದಿ ತೆರಬೇಕಾಗಿದ್ದ ಸಂಸ್ಥಾನಕ್ಕೆ ಅನುಮಾನವಿಲ್ಲದ ಐದು ರೂಪಾಯಿಯೇ ಹಿತವೆನಿಸಿದುದು ಸಹಜ. ದಿವಾನ್ ರಂಗಾಚಾರ್ಲು ಅವರೂ, 1883ರಲ್ಲಿ ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರೂ ಈ ವರಮಾನವನ್ನು ತಳ್ಳಿಹಾಕುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅದೇ ನೂರಕ್ಕೆ ಐದು, ಚಾಂಪಿಯನ್ ಪದರವು ತನ್ನ ಸಿರಿಯನ್ನು ತೋರಿದ ಕಾಲದಲ್ಲಿ ಒಂದು ಬೇಲಿಯಾಯಿತು. ನೆಲದೊಡೆಯನಿಗೆ ಇಪ್ಪತ್ತರಲ್ಲಿ ಒಂದು ಪಾಲು. ಉಳಿದ ಹತ್ತೊಂಬತ್ತರಲ್ಲಿ ವೆಚ್ಚ ಕಳೆದು ಮಿಕ್ಕದ್ದು ಸಮುದ್ರದಾಚೆಗೆ. ಗುತ್ತಿಗೆಯ ಅವಧಿಯು 1910ರಲ್ಲಿ ಮುಗಿಯುವವರೆಗೆ ಆ ಬೇಲಿಯನ್ನು ಕೀಳುವಂತಿರಲಿಲ್ಲ. ಅಪಾಯವನ್ನು ಹೊತ್ತವರು ಷೇರುದಾರರೇ ಅಲ್ಲವೆ ಎಂದು ಕೇಳಬಹುದು. ಹೌದು, 1885ರವರೆಗೆ. ಅದರ ಮುಂದಿನ ಕಾಲು ಶತಮಾನಕ್ಕೆ ಆ ವಾದವನ್ನು ಎಳೆಯುವುದು ನಮಗೆ ಒಪ್ಪಿಗೆಯಾಗುವುದಿಲ್ಲ.

ಮೈಸೂರಿನ ಕರಾರು ಎಷ್ಟು ಒಳ್ಳೆಯದಿತ್ತು, ಎಷ್ಟು ಕೆಟ್ಟದಿತ್ತು ಎಂಬುದನ್ನು ತೂಗಲು ಹೈದರಾಬಾದನ್ನು ಪಕ್ಕದಲ್ಲಿಡಬೇಕು. 1886ರಲ್ಲಿ ನಿಜಾಮರ ಸರಕಾರವು ವಾಟ್ಸನ್ ಮತ್ತು ಸ್ಟೂಅರ್ಟ್ ಎಂಬವರಿಗೆ 99 ವರ್ಷಗಳ ಗಣಿಹಕ್ಕನ್ನು ಕೊಟ್ಟಿತು. ಅವರು ಲಂಡನ್ನಿನಲ್ಲಿ ಹತ್ತು ಲಕ್ಷ ಪೌಂಡುಗಳ ಸಂಸ್ಥೆಯನ್ನು ಹೂಡಿ, ಒಂದು ಲಕ್ಷ ಷೇರುಗಳಲ್ಲಿ 85,000 ಷೇರುಗಳನ್ನು ಹಕ್ಕಿನ ಬೆಲೆಯೆಂದು ತಾವೇ ಇಟ್ಟುಕೊಂಡರು. ಗಣಿಗೆಂದು ನಿಜವಾಗಿ ಕೂಡಿದ್ದು ಉಳಿದ 15,000 ಷೇರುಗಳ ಹಣ. ಆ ಷೇರುಗಳಲ್ಲೇ ಕೆಲವನ್ನು ಏರಿದ ಬೆಲೆಗೆ ನಿಜಾಮರ ಸರಕಾರಕ್ಕೇ ಮಾರಲಾಯಿತೆಂಬುದು ಹೊರಬಿದ್ದಾಗ ದೊಡ್ಡ ಗುಲ್ಲೆದ್ದು, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಆಯ್ಕೆ ಸಮಿತಿಯು ವಿಚಾರಣೆ ನಡೆಸಿತು. ಅಂದು ಹೈದರಾಬಾದಿಗೆ ಸೇರಿದ್ದ ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನವೂ ಈ ಹಕ್ಕಿನ ವ್ಯಾಪ್ತಿಗೆ ಒಳಪಟ್ಟಿತ್ತು.

ಕೋಲಾರದ ಕರಾರಿನ ಬೆನ್ನಿಗೆ ಬಂದ ಕೆಲವು ಸಂಗತಿಗಳನ್ನೂ ಹೇಳಬೇಕು. ಮದ್ರಾಸಿನಿಂದ ದಂಡಿಗೆ 1864ರಲ್ಲೇ ಬಂದಿದ್ದ ರೈಲುದಾರಿಯಿಂದ, ಇಂದಿನ ಬಂಗಾರಪೇಟೆಯ ಬಳಿ ಕವಲೊಡೆದು ಗಣಿಗಳಿಗೆ ಹೋಗುವ ಹತ್ತು ಮೈಲಿಯ ದಾರಿಯು 1890ರ ದಶಕದಲ್ಲಿ ಸಿದ್ಧವಾಯಿತು. 1897ರಲ್ಲಿ ಮೈಸೂರು ಗಣಿ ಶಾಸನವು ಬಂದು, ಅದಿರಿನ ತುಣುಕನ್ನು ಲೆಕ್ಕವಿಲ್ಲದೆ ಇಟ್ಟುಕೊಳ್ಳುವುದನ್ನು ಶಿಕ್ಷಾರ್ಹವಾಗಿಸಿತು. ಉತ್ತರ ಆರ್ಕಾಟು ಮೊದಲಾದೆಡೆಗಳಿಂದ ಬಂದ ಕೂಲಿಯವರು ಪಾತಾಳದಿಂದ ಮೇಲೆ ಬಂದೊಡನೆ ಮೈತಡವಿಸಿಕೊಳ್ಳಬೇಕಾಗಿದ್ದ ಕಾಲವದು. 1902ರಲ್ಲಿ ಸಂಸ್ಥಾನವು ತನ್ನ ಹಣದಿಂದ ಶಿವನಸಮುದ್ರದಲ್ಲಿ ವಿದ್ಯುದಾಗಾರವನ್ನು ಕಟ್ಟಿ, ತೊಂಬತ್ತೆರಡು ಮೈಲಿಗಳ ತಂತಿಯೆಳೆದು ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು ಮೂರು ವರ್ಷಗಳ ಅನಂತರ, 1905ರಲ್ಲಿ.

ಗುತ್ತಿಗೆಯು 1910ರಲ್ಲಿ ಇನ್ನೂ ಮೂವತ್ತು ವರ್ಷಗಳಿಗೆ ನವೀಕೃತವಾಯಿತು. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯವು ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರಕಾರಕ್ಕೆ ಹೋದುವು. 2001ರ ಫೆಬ್ರವರಿ 28ರಂದು ಮುಚ್ಚಿದುವು. ಲಂಡನ್ನಿನಲ್ಲಿ ವಿಸರ್ಜಿತವಾದ ಸಂಸ್ಥೆಗಳ ನೋಂದಾವಣೆಯ ಕಡತಗಳು ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಂಸ್ಥಾನದ ಕಡೆಯ ಕಾಗದಪತ್ರಗಳಿಗೆ ವಿಧಾನಸೌಧದಲ್ಲಿರುವ ನಮ್ಮ ರಾಜ್ಯ ಪತ್ರಾಗಾರವೇ ಮೊದಲ ಬಾಗಿಲು. ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯವನ್ನು ಹುಡುಕುತ್ತಿರುವ ವಿದ್ಯಾರ್ಥಿಗಳು, ಗಣಿಗಳು ಹಂಚಿದ ಲಾಭಾಂಶವನ್ನೂ ಸಂಸ್ಥಾನಕ್ಕೆ ಸಂದ ರಾಯಧನವನ್ನೂ 1886ರಿಂದ 1910ರವರೆಗೆ ವರ್ಷವಾರು ಎದುರುಬದುರಾಗಿ ಬರೆದು ನೋಡುವುದರಿಂದ ಕೆಲಸವನ್ನು ಆರಂಭಿಸಬಹುದು.